ಬೋವಾ ನುಂಗಿದ ಕಂಬಳಿ

ಗೆಳೆಯನೊಬ್ಬ ಕೇಳಿದ: "ಮಗಾ, ಬೋವಾ ಸಾಕೋಣ ಅಂತಿದೀನಿ, ಕಷ್ಟನಾ?" ಉತ್ತರ ಹುಡುಕ್ತಾ ಹುಡುಕ್ತಾ ನಾನು ಹೋಗಿ ನಿಂತಿದ್ದು ಇನ್ನೂರು ವರ್ಷ ಹಿಂದಿನ ಲಂಡನ್‌ನಲ್ಲಿ.

ಮೊದಲು ಹೆಸರಿನ ಕಥೆ. ಬೋವಾ ಕನ್‌ಸ್ಟ್ರಿಕ್ಟರ್ ಅಮೆರಿಕ ಖಂಡದ ಬಿಸಿನಾಡುಗಳ ಹಾವು. 1758ರಲ್ಲಿ ಲಿನ್ನೇಯಸ್ ಅದಕ್ಕೆ ಈ ಹೆಸರಿಟ್ಟ. 'ಬೋವಾ' ಅನ್ನೋ ಪದ ಮಾತ್ರ ರೋಮನ್ನರದ್ದು. ಹಸುವಿನ ಹಾಲು ಕುಡಿದು ಬೆಳೆಯುವ ಹಾವು ಅಂತ ಪ್ಲಿನಿ ಬರೆದಿದ್ದ. ನಮ್ಮಲ್ಲಿ ಕೇರೆಹಾವಿನ ಬಗ್ಗೆ ಹೇಳೋದೂ ಇದನ್ನೇ ಅಲ್ವಾ? ಎರಡೂ ಸುಳ್ಳು.

ಆಗ ಲಂಡನ್ ಟವರ್‌ನಲ್ಲಿ ರಾಜರ ಪ್ರಾಣಿಸಂಗ್ರಹ ಇತ್ತು. ಅಲ್ಲಿನ ಮೇಲ್ವಿಚಾರಕ ಆಲ್‌ಫ್ರೆಡ್ ಕಾಪ್ಸ್ ಒಮ್ಮೆ ದೊಡ್ಡ ಹಾವಿನ ಬಾಯಿ ಹತ್ತಿರ ಕೋಳಿ ಹಿಡಿದ. ಆಗೆಲ್ಲ ಏಷ್ಯಾದ ಹೆಬ್ಬಾವನ್ನೂ ಬೋವಾ ಅಂತಲೇ ಕರೀತಿದ್ರು. ಹಾವು ಪೊರೆ ಬಿಡೋ ಹೊತ್ತು, ಕಣ್ಣು ಮಂಜು. ಗುರಿ ತಪ್ಪಿ ಅವನ ಹೆಬ್ಬೆರಳನ್ನೇ ಕಚ್ಚಿ, ತೋಳು ಕುತ್ತಿಗೆಗೆ ಸುತ್ತಿಕೊಂಡಿತು. ಸಹಾಯಕರು ಓಡಿಬಂದು ಬಿಡಿಸಿದ್ದಕ್ಕೆ ಜೀವ ಉಳೀತು. 1829ರ 'ದಿ ಟವರ್ ಮೆನಾಜರಿ' ಪುಸ್ತಕದಲ್ಲಿ ಇದು ದಾಖಲಾಗಿದೆ.

1849ರಲ್ಲಿ ಲಂಡನ್ ಝೂ ಸರೀಸೃಪಗಳಿಗಂತಲೇ ಒಂದು ಮನೆ ತೆರೆಯಿತು. ಚಳಿ ತಡೆಯೋಕೆ ಹಾವುಗಳಿಗೆ ಕಂಬಳಿ ಕೊಡ್ತಿದ್ರು. 1851ರಲ್ಲಿ ಒಂದು ಬೋವಾ ಆ ಕಂಬಳಿಯನ್ನೇ ನುಂಗಿಬಿಟ್ಟಿತು! ಕೆಲವು ವಾರ ಬಿಟ್ಟು ಕಕ್ಕಿತು.

ನಗು ಬರುತ್ತೆ. ಆದ್ರೆ ತಪ್ಪು ಹಾವಿನದ್ದಲ್ಲ. ಕಂಬಳಿ ತಾನಾಗಿ ಬಿಸಿ ಕೊಡಲ್ಲ, ನಮ್ಮ ಮೈ ಬಿಸಿಯನ್ನ ಹಿಡಿದಿಡುತ್ತೆ ಅಷ್ಟೇ. ಬೋವಾ ಮೈಯಲ್ಲಿ ಹಿಡಿದಿಡೋಕೆ ಅಂಥ ಬಿಸಿಯೇ ಇರಲ್ಲ. ಹೊರಗಿನ ಶಾಖ ಸಿಗದಿದ್ರೆ ತಿಂದದ್ದೂ ಅರಗಲ್ಲ. ಹಾಲಿರಲಿ, ಕಂಬಳಿಯಿರಲಿ, ಮನುಷ್ಯ ಹಾವಿಗೆ ಕೊಟ್ಟಿದ್ದು ತನಗೆ ಹಿತವಾದದ್ದನ್ನ.

ಇವತ್ತು ಬೋವಾ ಗೂಡಿನ ಒಂದು ತುದಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 26ರ ಆಸುಪಾಸು ಇರಬೇಕು. ಎಲ್ಲಿರಬೇಕು ಅಂತ ಹಾವೇ ಆರಿಸಿಕೊಳ್ಳುತ್ತೆ. ಶಾಖ ಮಿತಿ ಮೀರದ ಹಾಗೆ ಥರ್ಮೋಸ್ಟಾಟ್, ಅಡಗೋಕೆ ಜಾಗ, ನೀರಿನ ತೊಟ್ಟಿ, ಭದ್ರವಾದ ಚಿಲಕ ಬೇಕೇ ಬೇಕು. ಆಹಾರವನ್ನ ಕೈಯಲ್ಲಲ್ಲ, ಉದ್ದನೆಯ ಇಕ್ಕಳದಲ್ಲಿ ಕೊಡಬೇಕು. ಕಾಪ್ಸ್ ಕಲಿಸಿದ ಪಾಠ.

ಭಾರತದಲ್ಲಿ ಇನ್ನೊಂದು ವಿಷಯ ಇದೆ. 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆ, 2024ರ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ಅದನ್ನ ನೋಂದಾಯಿಸಲೇಬೇಕು.

ಗೆಳೆಯನಿಗೆ ಹೇಳಿದೆ: ಬೋವಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕುತ್ತೆ ಕಣೋ, ಹೋಮ್ ಲೋನ್ ಇದ್ದಂಗೆ. ಅಷ್ಟು ವರ್ಷವೂ ನಿನ್ನ ಮನೆ ಚಳಿಯಲ್ಲ, ಅದರ ಚಳಿ ನೋಡ್ಕೋಬೇಕು. ಆಗುತ್ತಾ?

ಅವನಿನ್ನೂ ಉತ್ತರ ಕೊಟ್ಟಿಲ್ಲ. ಯೋಚನೆ ಮಾಡ್ತಿದ್ದಾನೆ ಅಂದ್ರೆ ಅದೇ ಒಳ್ಳೇದು.