ಹೆಗಲ ಹಲಗೆಯತ್ತ ತಿರುಗಿದ ಚಿಕಿತ್ಸೆ: ದೋಟಿ ಹಿಡಿಯುವವರ ನೋವಿನ ಹಿನ್ನೆಲೆಯಲ್ಲಿ

ಹೆಗಲು ನೋವೆಂದರೆ ತೋಳಿನ ಕೀಲಿನದೇ ದೋಷ ಎಂದು ಬಹುಕಾಲ ಭಾವಿಸಲಾಗಿತ್ತು. ಬೆನ್ನ ಮೇಲಿನ ತ್ರಿಕೋನಾಕಾರದ ಮೂಳೆಯಾದ ಹೆಗಲ ಹಲಗೆಗೂ ಅದರಲ್ಲಿ ಪಾತ್ರವಿದೆ ಎಂದು ಬಗೆದು ನೋಡಿದವರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಪ್ರಮುಖರು. 1934ರ ‘ದಿ ಶೋಲ್ಡರ್’ ಗ್ರಂಥದಲ್ಲಿ ಅವರು ತೋಳೂ ಹಲಗೆಯೂ ಒಂದೇ ಲಯದಲ್ಲಿ ಚಲಿಸುವುದನ್ನು ವಿವರಿಸಿದರು. ಮುಂದಕ್ಕೆ ಬಾಗಿ, ತೋಳನ್ನು ಇಳಿಬಿಟ್ಟು ತೂಗುವ ವ್ಯಾಯಾಮಕ್ಕೆ ಇಂದಿಗೂ ಅವರದೇ ಹೆಸರು. 1944ರಲ್ಲಿ ಇನ್‌ಮನ್, ಸಾಂಡರ್ಸ್, ಆಬಟ್ ಎಂಬ ಸಂಶೋಧಕರು ಆ ಲಯದ ಲೆಕ್ಕ ಕೊಟ್ಟರು: ತೋಳು 180 ಡಿಗ್ರಿ ಮೇಲೇಳುವಾಗ ಸುಮಾರು 120 ಡಿಗ್ರಿ ಕೀಲಿನದು, 60 ಡಿಗ್ರಿ ಹಲಗೆಯದು.

ಆದರೂ ಚಿಕಿತ್ಸೆ ಮೂಳೆಯತ್ತಲೇ ವಾಲಿತು. ತೋಳೆತ್ತಿದಾಗ ಸ್ನಾಯುರಜ್ಜು ಹೆಗಲ ತುದಿಯ ಮೂಳೆಗೆ ಉಜ್ಜುತ್ತದೆ ಎಂದ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್, 1972ರಲ್ಲಿ ಆ ಮೂಳೆಯ ಅಂಚನ್ನು ಕೆತ್ತಿ ತೆಗೆಯುವ ಶಸ್ತ್ರಕ್ರಿಯೆಯನ್ನು ಮುಂದಿಟ್ಟರು. ದಶಕಗಳ ಕಾಲ ಅದೇ ನಡೆಯಿತು. 2018ರಲ್ಲಿ ಬ್ರಿಟನ್ನಿನ ವೈದ್ಯರು ಪರೀಕ್ಷಿಸಿ ನೋಡಿದಾಗ, ಮೂಳೆ ಕೆತ್ತಿಸಿಕೊಂಡವರಿಗೂ ಕೀಲಿನೊಳಗೆ ದರ್ಶಕ ಕೊಳವೆ ತೂರಿಸಿ ನೋಡಿ, ಮೂಳೆಯನ್ನು ಹಾಗೇ ಬಿಡಲಾದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ನ್ಯಾಮತಿಯಂಥ ಅಡಿಕೆ ಸೀಮೆಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು 2000ರಲ್ಲಿ ಸಂಶೋಧಕರಾದ ಲುಡ್ವಿಗ್ ಮತ್ತು ಕುಕ್ ಪ್ರಕಟಿಸಿದ ಅಧ್ಯಯನ. ತಲೆಗಿಂತ ಮೇಲೆ ಕೈಯೆತ್ತಿ ದುಡಿಯುವ 52 ಕಟ್ಟಡ ಕಾರ್ಮಿಕರನ್ನು ಅವರು ಪರೀಕ್ಷಿಸಿದರು. ನೋವಿದ್ದವರಲ್ಲಿ ಹಲಗೆ ಮೇಲ್ಮುಖವಾಗಿ ತಿರುಗುವುದು ಕಡಿಮೆಯಿತ್ತು. ಹಲಗೆಯನ್ನು ಪಕ್ಕೆಲುಬಿಗೆ ಒತ್ತಿಹಿಡಿಯುವ ಸೆರೇಟಸ್ ಸ್ನಾಯುವಿನ ಕೆಲಸವೂ ತಗ್ಗಿತ್ತು.

ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಅಡಿಕೆ ತೋಟಗಳಲ್ಲೂ ಇದೇ ಭಂಗಿಯ ದುಡಿಮೆ. ತುದಿಗೆ ಕತ್ತಿ ಕಟ್ಟಿದ ಉದ್ದ ಗಳವಾದ ದೋಟಿಯನ್ನು ಹಿಡಿದವನು ಕತ್ತೆತ್ತಿ, ಎರಡೂ ಕೈ ಮೇಲೆ ಚಾಚಿ, ಗೊನೆಯ ಬುಡಕ್ಕೆ ಕತ್ತಿ ಸಿಕ್ಕಿಸಿ ಜಗ್ಗುತ್ತಾನೆ. ಗೊನೆ ಕಳಚಿದ್ದೇ ತಡ, ದೋಟಿ ಪಕ್ಕದ ಮರಕ್ಕೆ. ದೋಟಿ ಉದ್ದವಾದಷ್ಟೂ ತುದಿಯ ಓಲಾಟ ಹೆಚ್ಚು. ಅದನ್ನು ತಡೆಯುವ ಶ್ರಮವೆಲ್ಲ ರೆಟ್ಟೆಗೆ, ಬೆನ್ನಿಗೆ. ಇಂಥವರು ಬಂದಾಗ ಬರೀ ಕೀಲಿನ ಎಕ್ಸ್‌ರೇ ನೋಡಿ ಮಾತ್ರೆ ಬರೆದುಕೊಟ್ಟರೆ ಸಾಲದು.

ಅಂಗಿ ತೆಗೆಸಿ ಬೆನ್ನು ನೋಡಬೇಕು. ಹಲಗೆಯ ಚಲನೆಯ ದೋಷವನ್ನು 1998ರಲ್ಲಿ ಕ್ರೀಡಾವೈದ್ಯದ ಕೇಂದ್ರಕ್ಕೆ ತಂದವರು ವೈದ್ಯ ಬೆನ್ ಕಿಬ್ಲರ್. ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಪರೀಕ್ಷೆಯೊಂದು ತುಂಬ ಸರಳ: ರೋಗಿ ತೋಳೆತ್ತುವಾಗ ಫಿಸಿಯೋಥೆರಪಿಸ್ಟ್ ಹಲಗೆಯ ಕೆಳತುದಿಯನ್ನು ಅಂಗೈಯಿಂದ ಮೇಲಕ್ಕೂ ಹೊರಕ್ಕೂ ತಳ್ಳಿಕೊಡುತ್ತಾರೆ. ಆಗ ನೋವು ಇಳಿದರೆ ವ್ಯಾಯಾಮ ಎಲ್ಲಿಂದ ಶುರುವಾಗಬೇಕೆಂಬುದು ತಿಳಿಯುತ್ತದೆ. ಗೋಡೆಗೆ ಕೈಯೂರಿ ದಂಡ ಹೊಡೆದು, ಮೊಣಕೈ ನೆಟ್ಟಗಾದ ಮೇಲೂ ಇನ್ನಷ್ಟು ತಳ್ಳುವುದು ಸೆರೇಟಸ್‌ಗೆ. ರಬ್ಬರ್ ಪಟ್ಟಿಯನ್ನು ಹಿಂದಕ್ಕೆಳೆದು ಹಲಗೆಗಳನ್ನು ಹತ್ತಿರ ತರುವುದು ಬೆನ್ನ ಸ್ನಾಯುಗಳಿಗೆ. ನೋವೇ ಇಲ್ಲದವರಲ್ಲೂ ಹಲಗೆ ಓರೆಯಾಗಿ ಚಲಿಸುವುದುಂಟು. ಹಾಗಾಗಿ ಅದನ್ನೇ ರೋಗವೆಂದು ಹೆದರಿಸುವುದು ತಪ್ಪು.

ಸ್ವೀಡನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶಸ್ತ್ರಕ್ರಿಯೆಗೆ ಕಾದಿದ್ದವರಿಗೆ ಇಂಥ ಆಯ್ದ ವ್ಯಾಯಾಮಗಳನ್ನು 12 ವಾರ ಮಾಡಿಸಲಾಯಿತು. ಅವರಲ್ಲಿ ಕೊನೆಗೆ ಶಸ್ತ್ರಕ್ರಿಯೆ ಬೇಕೆಂದವರು ಶೇ 20. ಸಾಮಾನ್ಯ ವ್ಯಾಯಾಮ ಮಾಡಿದವರಲ್ಲಿ ಶೇ 63. ಕೊಯ್ಲು ಶುರುವಾದ ಮೇಲೆ ದೋಟಿ ಹಿಡಿಯುವವರಿಗೆ 12 ವಾರದ ಬಿಡುವು ಎಲ್ಲಿಂದ ಬರಬೇಕು? ಬೇಸಿಗೆಯಲ್ಲೇ ವ್ಯಾಯಾಮ ಆರಂಭಿಸಿ, ಮೊದಲು ಬರಿಗೈ, ಆಮೇಲೆ ಗಿಡ್ಡ ದೋಟಿ, ಕೊನೆಗೆ ಪೂರ್ತಿ ಉದ್ದದ ದೋಟಿ ಎಂದು ಭಾರ ಏರಿಸಿಕೊಂಡು ಹೋಗುವುದೇ ಇಲ್ಲಿಗೆ ಒಗ್ಗುವ ಕ್ರಮ.