ಕಲ್ಲಾದ ಇಡ್ಲಿಯ ಚರಿತ್ರೆ

ಇಡ್ಲಿಯ ಚರಿತ್ರೆ ಹೇಳಲು ಕೂತ ಕನ್ನಡಿಗರೆಲ್ಲ ‘ವಡ್ಡಾರಾಧನೆ’ಯಿಂದ ಶುರು ಮಾಡುತ್ತಾರೆ. ಸುಮಾರು ಕ್ರಿ.ಶ. 920ರ ಆ ಗದ್ಯದಲ್ಲಿ, ಮನೆಗೆ ಬಂದ ಬ್ರಹ್ಮಚಾರಿಗೆ ಬಡಿಸಿದ ತಿನಿಸುಗಳ ಸಾಲಿನಲ್ಲಿ, ‘ಇಡ್ಡಲಿಗೆ’ ಇದೆ. ಅಲ್ಲಿಂದ ಒಂದೇ ನೆಗೆತಕ್ಕೆ ಬಿಡದಿಯ ತಟ್ಟೆ ಇಡ್ಲಿಗೆ ಬಂದುಬಿಡುತ್ತಾರೆ. ನಡುವಿನ ಸಾವಿರ ವರ್ಷ ಯಾರ ಮನೆಯಲ್ಲೂ ಹಿಟ್ಟು ಉಬ್ಬದೆ ಕೂತಿರಲೇ ಇಲ್ಲವೇನೋ! ಮೈಸೂರಿನ ಕಾಲೇಜೊಂದರಲ್ಲಿ ಗೃಹವಿಜ್ಞಾನ ಪಾಠ ಹೇಳಿ ನಿವೃತ್ತಳಾದ ನನಗೆ, ಹೂವಿನಂಥ ಇಡ್ಲಿಗಿಂತ ಕೆಟ್ಟ ಇಡ್ಲಿಯ ಮೇಲೇ ಕುತೂಹಲ ಜಾಸ್ತಿ. ಕೆಟ್ಟದ್ದಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ. ಆ ಕಾರಣ ಎಷ್ಟೋ ಸಲ ಅಡುಗೆಮನೆಯಿಂದ ಹೊರಗೆ, ರಂಗೂನಿನಲ್ಲೋ ವಾಷಿಂಗ್ಟನ್ನಿನಲ್ಲೋ ಇರುತ್ತದೆ. ಆದರೆ ಬೈಗುಳ ಬೀಳುವುದು ಮಾತ್ರ ಒಲೆಯ ಮುಂದೆ ನಿಂತವಳ ಮೇಲೆ.

ಮೊದಲು ಹಳೆಯ ಬರಹಗಳನ್ನು ನೋಡೋಣ. ಕಲ್ಯಾಣ ಚಾಲುಕ್ಯರ ಕಾಲದ ಎರಡನೇ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಮಳೆ, ಬಾವಿ, ಗಿಡಮರ, ದನಕರುಗಳ ಜೊತೆ ಅಡುಗೆಗೂ ಜಾಗ ಕೊಟ್ಟಿದ್ದಾನೆ. ಅವನ ಪ್ರಕಾರ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಬೇಕು, ನುಣ್ಣಗೆ ಅರೆಯಬೇಕು, ಮೊಸರಿನ ತಿಳಿಯಲ್ಲಿ ಕಲಸಿ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಬೇಕು. ಅಕ್ಕಿಯ ಸುದ್ದಿಯೇ ಇಲ್ಲ. ಅದೇ ವಂಶದ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ‘ಇಡ್ಡರಿಕಾ’ ಎಂಬುದು ಉದ್ದಿನ ಹಿಟ್ಟಿನ ಪುಟ್ಟ ಉಂಡೆ. ತುಪ್ಪದಲ್ಲಿ ಕರಿದು ಮೇಲೆ ಮೆಣಸು, ಜೀರಿಗೆ, ಇಂಗಿನ ಪುಡಿ ಹಾಕುವುದು. ಕಲ್ಲಹಳ್ಳಿಯ ಮೂರನೇ ಮಂಗರಸ 16ನೇ ಶತಮಾನದ ಮೊದಲಲ್ಲಿ ಇಡೀ ‘ಸೂಪಶಾಸ್ತ್ರ’ವನ್ನೇ ಷಟ್ಪದಿಯಲ್ಲಿ ಬರೆದ. ಎಲ್ಲರೂ ದೊಡ್ಡ ಮನುಷ್ಯರು. ಒರಳು ಕಲ್ಲಿನ ಮುಂದೆ ಕೂತು ಗುಂಡು ತಿರುಗಿಸಿ ಅಂಗೈ ಬೊಬ್ಬೆ ಬಂದವರ ಸುದ್ದಿಯನ್ನು ಅಲ್ಲಿ ಹುಡುಕಬೇಡಿ.

ಒಂದು ವರ್ಷ ನಮ್ಮ ಲ್ಯಾಬಿನಲ್ಲಿ ಹುಡುಗಿಯರ ಕೈಯಲ್ಲಿ ಚಾವುಂಡರಾಯನ ಇಡ್ಲಿ ಮಾಡಿಸಿದೆ. ಉದ್ದು ರಾತ್ರಿಯೆಲ್ಲ ಮಜ್ಜಿಗೆಯಲ್ಲಿ ನೆಂದಿತ್ತು. ಬೆಳಗ್ಗೆ ಮೊಸರಿನ ತಿಳಿ ಬಸಿದುಕೊಂಡು, ಒಂದು ಪಾಲು ಒರಳಿನಲ್ಲಿ, ಒಂದು ಪಾಲು ಮಿಕ್ಸಿಯಲ್ಲಿ ರುಬ್ಬಿದರು. ಹೇಗೆ ಬೇಯಿಸಬೇಕು ಎಂಬುದರ ಬಗ್ಗೆ ಪಾಠದಲ್ಲಿ ಸ್ಪಷ್ಟ ಮಾತಿಲ್ಲವಾದ್ದರಿಂದ ಅರ್ಧ ಹಬೆಗೆ ಇಟ್ಟೆವು, ಅರ್ಧ ತುಪ್ಪಕ್ಕೆ ಬಿಟ್ಟೆವು. ಹಬೆಯಲ್ಲಿ ಬೆಂದದ್ದು ಮೇಲೆ ನೋಡಲು ಚೆಂದ. ಚಮಚ ಹಾಕಿದರೆ ಒಳಗೆ ಅಂಟಂಟು; ಮಿಕ್ಸಿಯದಂತೂ ಹಲ್ಲಿಗೆ ಮೆತ್ತಿಕೊಂಡು ಬಿಡಲೊಲ್ಲದು. ಒರಳಿನದು ಸ್ವಲ್ಪ ಹಗುರ, ಆದರೂ ಎರಡನೆಯದು ಕೈಗೆ ತೆಗೆದುಕೊಂಡವರಿಲ್ಲ. ತುಪ್ಪದಲ್ಲಿ ಕರಿದದ್ದು ತೂತಿಲ್ಲದ ವಡೆಯ ಹಾಗಿತ್ತು, ಪಕ್ಕದ ರಸಾಯನಶಾಸ್ತ್ರ ವಿಭಾಗದವರಿಗೂ ಒಂದು ಮಿಗಲಿಲ್ಲ. ಸೋಮೇಶ್ವರನ ಅಡುಗೆಯವರು ಯಾಕೆ ಬಾಣಲೆ ಇಟ್ಟರು ಎಂಬುದು ನನಗೆ ಆವತ್ತು ಹೊಳೆಯಿತು. ಅಕ್ಕಿ ಬಂದು ಸೇರಿದ್ದು ಬಹುಶಃ ಈ ಅಂಟನ್ನು ಒಡೆಯಲಿಕ್ಕೆ ಎಂದು ನನ್ನ ಊಹೆ. ಯಾವಳೋ ಒಬ್ಬಳು ಉದ್ದು ಸಾಲದೆ ಬಂದಾಗ ಅಕ್ಕಿ ತರಿ ಬೆರೆಸಿ ಸರಿದೂಗಿಸಿರಬಹುದು, ಮೊದಲ ಸಲ ಅತ್ತೆಯಿಂದ ಬೈಸಿಕೊಂಡೂ ಇರಬಹುದು. ಅದಕ್ಕೆ ಶಾಸನ ಯಾರು ಕೆತ್ತಿಸುತ್ತಾರೆ?

ಇಲ್ಲಿ ಒಂದು ತಕರಾರು ಹೇಳಿ ಮುಂದೆ ಹೋಗುತ್ತೇನೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ, ಇತಿಹಾಸಕಾರ ಕೆ.ಟಿ. ಅಚಯ ಅವರು, ಹಳೆಯ ಇಡ್ಡಲಿಗೆಯಲ್ಲಿ ಮೂರು ಸಂಗತಿ ಇಲ್ಲ ಎಂದು ತೋರಿಸಿದರು: ಅಕ್ಕಿ ತರಿ, ರಾತ್ರಿಯಿಡೀ ಹುಳಿ ಬರಿಸುವುದು, ಹಬೆ. ಇವು ಇಂಡೊನೇಷ್ಯಾ ಕಡೆಯಿಂದ, ಅಲ್ಲಿಯ ರಾಜರ ಜೊತೆ ಬಂದ ಅಡುಗೆಯವರಿಂದ ಬಂದಿರಬಹುದು ಎಂಬುದು ಅವರ ಊಹೆ. 7ನೇ ಶತಮಾನದಲ್ಲಿ ಬಂದ ಹ್ಯುಯೆನ್‌ತ್ಸಾಂಗ್ ಇಲ್ಲಿಯವರಿಗೆ ಹಬೆಯ ಪಾತ್ರೆ ಗೊತ್ತಿಲ್ಲ ಎಂದು ಬರೆದದ್ದು ಅದಕ್ಕೆ ಒಂದು ಆಧಾರ. ಅಚಯ ಅವರ ಪುಸ್ತಕ ಓದಿಯೇ ನಾನು ಈ ದಾರಿಗೆ ಬಿದ್ದವಳು. ಆದರೂ ಇದನ್ನು ಒಪ್ಪಲಾರೆ. ಹಬೆಗೆ ಪಾತ್ರೆ ಯಾಕೆ ಬೇಕು? ಮಡಕೆಗೆ ನೀರು ಹಾಕಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟಿದರೆ ಆಯಿತು. ಹಲಸಿನ ಎಲೆಯ ಕೊಟ್ಟೆಗೆ ಯಾವ ಕಂಚುಗಾರನೂ ಬೇಕಿಲ್ಲ. ದೂರ ದೇಶದ ಭಿಕ್ಷುವನ್ನು ಮಡಿ ಅಡುಗೆಮನೆಯ ಎಷ್ಟು ಒಳಗೆ ಬಿಟ್ಟಿರಬಹುದು ಎಂಬುದನ್ನೂ ಕೇಳಿಕೊಳ್ಳಬೇಕಲ್ಲ.

ನಮ್ಮದು ತೀರ್ಥಹಳ್ಳಿ ಸೀಮೆ. ದಿನದ ತಿಂಡಿ ಎಂದರೆ ಕಡುಬು, ರೊಟ್ಟಿ. ಇಡ್ಲಿ ಆಗುತ್ತಿದ್ದದ್ದು ನೆಂಟರು ಬಂದಾಗ, ಹಬ್ಬದ ಮಾರನೆಯ ದಿನ. ಅದರಲ್ಲೂ ಮಳೆಗಾಲದ ಇಡ್ಲಿ ಎಂದರೆ ಪರೀಕ್ಷೆಯೇ. ಆಷಾಢದ ಥಂಡಿಯಲ್ಲಿ ಹಿಟ್ಟಿನ ಪಾತ್ರೆಯನ್ನು ಬಚ್ಚಲೊಲೆಯ ಪಕ್ಕ ಇಟ್ಟು, ಕಂಬಳಿ ಹೊದೆಸಿ, ಮೇಲೆ ಮಣೆ ಮುಚ್ಚುತ್ತಿದ್ದರು. ಬಚ್ಚಲೊಲೆಯ ಬೂದಿ ಬೆಳಗಿನ ತನಕ ಬೆಚ್ಚಗಿದ್ದರೆ ಹಿಟ್ಟು ಉಕ್ಕಿ ಕಂಬಳಿಗೆ ಹತ್ತುತ್ತಿತ್ತು. ರಾತ್ರಿ ಯಾರಾದರೂ ಒಲೆಗೆ ನೀರು ಚೆಲ್ಲಿದ್ದರೆ ಮುಗಿಯಿತು. ಬೆಳಗ್ಗೆ ಮಣೆ ತೆಗೆದು ನೋಡಿದರೆ ಹಿಟ್ಟು ಹಿಂದಿನ ರಾತ್ರಿ ಇದ್ದ ಗೆರೆಯಲ್ಲೇ, ಮೇಲೆ ತೆಳ್ಳಗೆ ನೀರು ಬಿಟ್ಟುಕೊಂಡು ಕೂತಿರುತ್ತಿತ್ತು.

ಚಿಕ್ಕಮ್ಮ ದಾವಣಗೆರೆಯಿಂದ ಮದುವೆಯಾಗಿ ಬಂದವರು. ಅವರ ಮೊದಲ ಮಳೆಗಾಲದಲ್ಲೇ ಇದು ಆಯಿತು. ಅಜ್ಜಿ ಒಂದು ಇಡ್ಲಿ ತೆಗೆದು ಮಣೆಯ ಮೇಲೆ ಟಕ್ ಎಂದು ಕುಟ್ಟಿ ತೋರಿಸಿದರು. “ಕೈಗುಣ ಕಣೆ. ಎಲ್ಲರ ಕೈಗೂ ಹಿಟ್ಟು ಒಗ್ಗಲ್ಲ.” ಚಿಕ್ಕಮ್ಮ ಬಾಯಿ ಬಿಡಲಿಲ್ಲ. ದಾವಣಗೆರೆಯ ಸೆಕೆಯಲ್ಲಿ ಅವರು ಕಂಬಳಿಯ ಮುಖವನ್ನೇ ನೋಡದೆ ಇಡ್ಲಿ ಮಾಡಿದ್ದವರು, ಪ್ರತಿ ಸಲವೂ ಬಂದಿತ್ತು. ಇಲ್ಲಿ ಕೈ ಬದಲಾಗಿರಲಿಲ್ಲ, ಹವೆ ಬದಲಾಗಿತ್ತು ಅಷ್ಟೆ. ಆ ದಿನದ ಇಡ್ಲಿಯ ಗತಿ ಮಾಮೂಲಿ: ಮೆತ್ತಗಿದ್ದವನ್ನು ಪುಡಿ ಮಾಡಿ ಒಗ್ಗರಣೆ ಹಾಕಿದರು, ಮಿಕ್ಕದ್ದು ಕಲಗಚ್ಚಿನ ಬಾನಿಗೆ ಹೋಯಿತು. ಕೆಟ್ಟ ಅಡುಗೆಯ ಚರಿತ್ರೆ ಬರೆಯಲು ಹೊರಟವರಿಗೆ ಇದೇ ತೊಡಕು, ದಾಖಲೆಯನ್ನು ಎಮ್ಮೆ ತಿಂದುಬಿಟ್ಟಿರುತ್ತದೆ.

ಹೊರಗಿನ ಕಾರಣ ದೊಡ್ಡದಾಗಿ ಒಳಗೆ ನುಗ್ಗಿದ್ದು ಎರಡನೇ ಮಹಾಯುದ್ಧದಲ್ಲಿ. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಗೆ ಹೋಯಿತು, ಬರ್ಮಾ ಅಕ್ಕಿ ನಿಂತಿತು. ಅಕ್ಕಿ ಇಲ್ಲದೆ ಹೋಟೆಲು ನಡೆಸುವುದು ಹೇಗೆ? 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂದು ಶುರುವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆದ ಬೆಂಗಳೂರಿನ ಎಂಟಿಆರ್‌ನವರು, ರವೆ ಇಡ್ಲಿ ತಾವು ಆ ದಿನಗಳಲ್ಲಿ ಹುಟ್ಟಿಸಿದ್ದು ಎಂದು ಹೇಳುತ್ತಾರೆ. ರವೆ ಹುರಿದು, ಮೊಸರಿನಲ್ಲಿ ಕಲಸಿ, ಸಾಸಿವೆ, ಶುಂಠಿ, ಗೋಡಂಬಿಯ ಒಗ್ಗರಣೆ ಕೊಟ್ಟು, ಚಿಟಿಕೆ ಸೋಡಾ ಹಾಕಿ ಕೂಡಲೇ ಹಬೆಗೆ ಏರಿಸುವುದು. ಗುಟ್ಟೆಲ್ಲ ಆ ‘ಕೂಡಲೇ’ಯಲ್ಲಿ. ಸೋಡಾಕ್ಕೆ ಮೊಸರಿನ ಹುಳಿ ತಾಗಿದೊಡನೆ ಗಾಳಿ ಏಳುತ್ತದೆ, ಅದು ಕಾಯುವುದಿಲ್ಲ. ಹೋಟೆಲಿನಲ್ಲಿ ತಿಂದು ಬಂದವರು ಮನೆಯಲ್ಲಿ ಮಾಡಿಸಹೋದಾಗ ಎಡವಟ್ಟಾದದ್ದು ಇಲ್ಲೇ. ಅಕ್ಕಿ ಇಡ್ಲಿಯ ಅಭ್ಯಾಸದವರು ರವೆಯನ್ನೂ ರಾತ್ರಿ ಕಲಸಿಟ್ಟರು. ಬೆಳಗಾಗುವಷ್ಟರಲ್ಲಿ ರವೆ ನೀರೆಲ್ಲ ಕುಡಿದು, ಗೋಧಿಯ ಜಿಗುಟು ಬಿಟ್ಟುಕೊಂಡು, ಪುಸ್ತಕದ ಬೆನ್ನಿಗೆ ಹಚ್ಚುವ ಸರಿಯಂತಾಗಿರುತ್ತಿತ್ತು. ನಮ್ಮಮ್ಮನ ತವರಿನಲ್ಲಿ ಇಂಥದ್ದು ನಡೆದು, ಮದುವೆಯಾಗಿ ವರ್ಷವೂ ತುಂಬದ ಅತ್ತಿಗೆಯೊಬ್ಬರು ಅತ್ತರಂತೆ. ಅವರಿಗೆ ವಿಧಾನ ಹೇಳಿಕೊಟ್ಟದ್ದು ಹೋಟೆಲಿನಲ್ಲಿ ತಿಂದು ಬಂದ ಗಂಡಸರು. ತಿಂದವರಿಗೆ ಕಲಸಿದ ಹೊತ್ತು ಗೊತ್ತಿರುವುದುಂಟೆ?

ಆಮೇಲೆ ಬಂದದ್ದು ಅಮೆರಿಕದ ಗೋಧಿ. ಪಿಎಲ್-480 ಎಂಬ ಕಾಯ್ದೆ ಅಲ್ಲಿ 1954ರಲ್ಲಿ ಆಯಿತು, 1956ರಲ್ಲಿ ಭಾರತ ಒಪ್ಪಂದಕ್ಕೆ ಸಹಿ ಹಾಕಿತು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಕೇಳಿಕೊಂಡಾಗ ನಮ್ಮ ಮನೆಯಲ್ಲೂ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ಚಪಾತಿ ಲಟ್ಟಿಸಿ ಅಭ್ಯಾಸವಿಲ್ಲದ ಊರಿಗೆ ಗೋಧಿ ಬಂದು ಬಿದ್ದರೆ ಏನಾಗುತ್ತದೆ? ಅದನ್ನು ಒಡೆಸಿ ನುಚ್ಚು ಮಾಡಿ ಅನ್ನದ ಹಾಗೆ ಬೇಯಿಸಿದರು, ಅಕ್ಕಿಯ ಬದಲು ಉದ್ದಿನ ಜೊತೆ ರುಬ್ಬಿ ಇಡ್ಲಿಗೂ ಹಾಕಿ ನೋಡಿದರು. ಗೋಧಿ ನುಚ್ಚಿನ ಇಡ್ಲಿ ಬಿಸಿ ಇರುವಾಗ ಪರವಾಗಿಲ್ಲ, ಆರಿದ ಮೇಲೆ ಎಳೆದರೆ ರಬ್ಬರು. ರೇಷನ್ನಿನ ಅಕ್ಕಿಯೂ ಒಂದು ತಿಂಗಳು ಬಂದದ್ದು ಇನ್ನೊಂದು ತಿಂಗಳು ಬರುತ್ತಿರಲಿಲ್ಲ. ಒಮ್ಮೆ ಕುಸುಬಲು, ಒಮ್ಮೆ ಬೆಳ್ತಿಗೆ, ಒಮ್ಮೆ ಹಳತು, ಒಮ್ಮೆ ಹಸಿ. ನೀರಿನ ಅಂದಾಜು ದಿನಕ್ಕೊಂದು ತರಹ. ಆಗಲೂ ಮನೆಯಲ್ಲಿ ಕೇಳಿಬರುತ್ತಿದ್ದ ಮಾತು ಒಂದೇ, “ಇವತ್ತು ಯಾರು ಕಲಸಿದ್ದು?”

ಆ 1965ರಲ್ಲೇ ಅಮೆರಿಕದಲ್ಲಿ, ನ್ಯೂಯಾರ್ಕ್ ರಾಜ್ಯದ ಒಂದು ಪ್ರಯೋಗಶಾಲೆಯಲ್ಲಿ, ಸ್ಟೈನ್‌ಕ್ರೌಸ್ ಮತ್ತು ಅವರ ಜೊತೆಯವರು ಇಡ್ಲಿ ಹಿಟ್ಟಿನ ಮೇಲೆ ಪ್ರಬಂಧ ಪ್ರಕಟಿಸಿದರು. ಉಬ್ಬಿಸುವುದು ಬ್ರೆಡ್ಡಿನ ಯೀಸ್ಟ್ ಅಲ್ಲ, ಲ್ಯುಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿದರು. ಅದು ಉದ್ದಿನ ಬೇಳೆಯ ಜೊತೆಗೇ ಬಂದಿರುತ್ತದೆ, ನೆನೆಯುವಾಗಲೇ ಬೆಳೆಯಲು ತೊಡಗುತ್ತದೆ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಿಂದ ಇರುವ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 1970ರ ದಶಕದಲ್ಲಿ ಇನ್ನೊಂದು ಭಾಗ ಬಿಡಿಸಿದರು: ಎದ್ದ ಗಾಳಿಯನ್ನು ಹಿಟ್ಟಿನಲ್ಲಿ ಹಿಡಿದಿಡುವುದು ಉದ್ದಿನ ಲೋಳೆ ಮತ್ತು ಅದರ ಪ್ರೋಟೀನು. ಹಾಗಾಗಿಯೇ ಹಳೆಯ ಉದ್ದು ತಂದರೆ ಹಿಟ್ಟು ಹುಳಿ ಬಂದರೂ ಕುಸಿಯುತ್ತದೆ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಸಿಕ್ಕರೆ ರಾತ್ರಿ ಕಳೆಯುವುದರಲ್ಲಿ ಕೆಲಸ ಆಗುತ್ತದೆ, ಅದಕ್ಕಿಂತ ತಣ್ಣಗಿದ್ದರೆ ಮಧ್ಯಾಹ್ನದವರೆಗೆ ಕಾಯಬೇಕು. ಈ ಪಾಠವನ್ನು ಬೋರ್ಡಿನ ಮೇಲೆ ಬರೆದ ಮೊದಲ ವರ್ಷದ ರಜೆಯಲ್ಲಿ ಊರಿಗೆ ಹೋಗಿ ಅಜ್ಜಿಗೆ ಎಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದರು. “ಆ ಹುಳ ಅವಳ ಕೈಗೆ ಯಾಕೆ ಬರಲಿಲ್ಲ ಮತ್ತೆ?” ಎಂದರು.

ಮಿಕ್ಸಿಯದು ಇನ್ನೊಂದು ಕಥೆ. ಎಸ್.ಪಿ. ಮಾಥುರ್ ಎಂಬ ಎಂಜಿನಿಯರ್ 1963ರಲ್ಲಿ ಸುಮೀತ್ ಮಿಕ್ಸಿ ಮಾಡಿದ್ದೇ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರು ನಮ್ಮ ಮಸಾಲೆಯ ಮುಂದೆ ಸೋತು ಕೆಟ್ಟದ್ದರಿಂದ. ಕೊಯಮತ್ತೂರಿನಲ್ಲಿ ಪಿ. ಸಭಾಪತಿ ಎಂಬವರು ಅದಕ್ಕೂ ಮೊದಲೇ, 1955ರಲ್ಲಿ, ಕಲ್ಲನ್ನೇ ಮೋಟಾರಿಗೆ ಕಟ್ಟಿ ಗ್ರೈಂಡರ್ ಮಾಡಿದ್ದರು. ನಮ್ಮ ಕಡೆಯ ಮಧ್ಯಮ ವರ್ಗದ ಮನೆಗಳಿಗೆ ಮೊದಲು ಬಂದದ್ದು ಮಿಕ್ಸಿ. ಅಗ್ಗ, ಜಾಗವೂ ಕಮ್ಮಿ. ಕಲ್ಲು ಬೇಳೆಯನ್ನು ಜಜ್ಜಿ ಗಾಳಿ ತುಂಬಿದರೆ ಬ್ಲೇಡು ಕತ್ತರಿಸಿ ಬಿಸಿ ಮಾಡುತ್ತದೆ. ಮಿಕ್ಸಿ ಕೊಂಡ ಹೊಸತರಲ್ಲಿ ಎಷ್ಟು ಮನೆಗಳ ಇಡ್ಲಿ ಕಲ್ಲಾಗಿರಬೇಡ! ಐಸ್ ನೀರು ಹಾಕಿ ರುಬ್ಬುವುದು, ತಡೆತಡೆದು ತಿರುಗಿಸುವುದು, ಉದ್ದಿನ ಅಳತೆ ಹೆಚ್ಚಿಸುವುದು, ಅಕ್ಕಿ ರುಬ್ಬುವುದನ್ನೇ ಬಿಟ್ಟು ಅಂಗಡಿಯ ಇಡ್ಲಿ ರವೆ ಬೆರೆಸುವುದು, ಹಿಡಿ ಅವಲಕ್ಕಿ, ನಾಲ್ಕು ಕಾಳು ಮೆಂತ್ಯ, ಇವೆಲ್ಲ ಆ ಕಲ್ಲಿಡ್ಲಿಗಳಿಂದ ಹೆಂಗಸರು ತಾವೇ ಕಂಡುಕೊಂಡ ಪರಿಹಾರಗಳು. ಯಾರ ಹೆಸರಿನಲ್ಲೂ ಪೇಟೆಂಟ್ ಇಲ್ಲ. ಅಮೆರಿಕದ ಚಳಿಯಲ್ಲಿ ಅವನ್ನಿನ ದೀಪ ಹಚ್ಚಿ ಅದರೊಳಗೆ ಹಿಟ್ಟಿಡುವ ಕನ್ನಡದ ಹುಡುಗಿಯರು ಬಚ್ಚಲೊಲೆಯ ಕೆಲಸವನ್ನೇ ಅದರಿಂದ ಮಾಡಿಸುತ್ತಿದ್ದಾರೆ.

ಈಗ ರುಬ್ಬಿದ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಅಂಗಡಿಗಳ ಫ್ರಿಜ್ಜಿನಲ್ಲಿ ಅದು ಕಾಣಿಸಿಕೊಳ್ಳಲು ಶುರುವಾದಾಗ ನಮ್ಮ ವಿಭಾಗದಲ್ಲಿ ಮೂಗು ಮುರಿದವರೇ ಹೆಚ್ಚು. ನಾನು ಮುರಿಯಲಿಲ್ಲ. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುವ ಚಿಕ್ಕಮ್ಮ ವಾರಕ್ಕೊಂದು ಪ್ಯಾಕೆಟ್ ತರಿಸುತ್ತಾರೆ. ಮೊನ್ನೆ ಡಿಸೆಂಬರಿನಲ್ಲಿ ಒಂದು ಪ್ಯಾಕೆಟ್ ಸರಿಯಿರಲಿಲ್ಲ, ಇಡ್ಲಿ ಚಪ್ಪಟೆಯಾಗಿ ತಟ್ಟೆಗೆ ಅಂಟಿತು. ಪ್ಯಾಕೆಟ್ಟಿನ ಹಿಂದಿದ್ದ ನಂಬರಿಗೆ ಅವರೇ ಫೋನು ಮಾಡಿದರು. ಆ ಕಡೆಯ ಹುಡುಗ ಕ್ರಮವಾಗಿ ಕೇಳಿದನಂತೆ: ಮೇಡಂ, ಫ್ರಿಜ್ಜಿನಿಂದ ಎಷ್ಟು ಹೊತ್ತು ಮುಂಚೆ ತೆಗೆದಿರಿ, ನೀರು ಬೆರೆಸಿದಿರಾ, ಜೋರಾಗಿ ಕಲಸಿದಿರಾ? ಚಿಕ್ಕಮ್ಮ ಮಧ್ಯದಲ್ಲೇ ತಡೆದು, “ನೋಡಪ್ಪ, ನಾನು ಕೈ ಹಾಕೇ ಇಲ್ಲ, ಸೌಟಲ್ಲಿ ಹುಯ್ದಿದ್ದು. ಏನಾಗಿದ್ರೂ ನಿಮ್ಮ ಕಡೇದೇ” ಎಂದರಂತೆ. ಮಾರನೆಯ ದಿನ ಇನ್ನೊಂದು ಪ್ಯಾಕೆಟ್ ಪುಕ್ಕಟೆ ಬಂತು. ಅದನ್ನು ಫೋನಿನಲ್ಲಿ ನನಗೆ ಹೇಳುವಾಗ, ಇಡ್ಲಿ ಹೇಗಾಯಿತು ಎಂಬುದನ್ನು ಹೇಳುವುದೇ ಅವರಿಗೆ ಮರೆತುಹೋಗಿತ್ತು.