ಬೇಸ್ತವಾರ ಅಂದರೆ ತಪ್ಪೇನು? ಮಕ್ಕಳು ಕಲಿಯುವ ವಾರದ ಹೆಸರುಗಳ ಹಳೆಯ ಕಥೆ

ನಮ್ಮ ಭಾಗದ ಶಾಲೆಗಳಲ್ಲಿ ಒಂದನೇ ತರಗತಿಯ ಗೋಡೆಯ ಮೇಲೆ ವಾರದ ಏಳು ಹೆಸರು ಬರೆದಿರುತ್ತಾರೆ. ಮಕ್ಕಳು ರಾಗ ಎಳೆದು ಎಲ್ಲವನ್ನೂ ಒಪ್ಪಿಸುತ್ತಾರೆ. ಆದರೆ "ಇವತ್ತು ಯಾವ ವಾರ?" ಎಂದು ಕೇಳಿ ನೋಡಿ. ಕೆಲವರು ಮೊದಲಿನಿಂದ ಮತ್ತೆ ಹಾಡಲು ಶುರು ಮಾಡುತ್ತಾರೆ. ಮನೆಯಲ್ಲಿ ಅಜ್ಜಿಯ ಮಾತು ಕೇಳಿ ಬೆಳೆದ ಮಗು "ಬೇಸ್ತಾರ" ಎನ್ನುತ್ತದೆ. ಉಳಿದವರು ನಗುತ್ತಾರೆ. "ಹಂಗ ಅನ್ನಬಾರದು, ಗುರುವಾರ ಅನ್ನಬೇಕು" ಎಂದು ದೊಡ್ಡವರು ತಿದ್ದುತ್ತಾರೆ. ಆ ಮಗು ಮುಂದಿನ ಸಲ ಕೈ ಎತ್ತುವುದಿಲ್ಲ.

ಸುದ್ದಿಗಾಗಿ ಊರೂರು ತಿರುಗುವಾಗ ನಾವು ಇದನ್ನು ಹಲವು ಸಲ ಕಂಡಿದ್ದೇವೆ. ಸಣ್ಣ ವಿಷಯ ಎನಿಸಬಹುದು. ಆದರೆ ಇತಿಹಾಸ ತೆಗೆದು ನೋಡಿದರೆ ಮಗು ಹೇಳಿದ ಹೆಸರೇ ಹೆಚ್ಚು ಹಳೆಯ ಹೆಸರಿಗೆ ಹತ್ತಿರ ಇದೆ.

ಕಲ್ಲಿನ ಮೇಲಿದ್ದ ವಾರ

ನಿಮ್ಮೂರಿನ ಹಳೆಯ ಗುಡಿಯ ಮುಂದೆ ಶಾಸನದ ಕಲ್ಲು ಇರಬಹುದು. ಕಲ್ಯಾಣದ ಚಾಲುಕ್ಯರು, ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ದಾನ ಕೊಟ್ಟ ದಿನವನ್ನು ವಿವರವಾಗಿ ಬರೆಯುತ್ತಿದ್ದರು. ಶಕವರ್ಷ ಎಷ್ಟು, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಕೊನೆಗೆ ಯಾವ ವಾರ. ಅಲ್ಲಿ ಆದಿತ್ಯವಾರ, ಸೋಮವಾರ, ಬೃಹಸ್ಪತಿವಾರ ಎಂಬ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ.

ಈ ಬೃಹಸ್ಪತಿವಾರವೇ ಜನರ ಬಾಯಲ್ಲಿ ಸವೆದು ಬೇಸ್ತವಾರ ಆಯಿತು, ಇನ್ನೂ ಸವೆದು ಬೇಸ್ತಾರ ಆಯಿತು. ಆದಿತ್ಯವಾರ ಐತವಾರ ಆಯಿತು, ಐತಾರ ಆಯಿತು. ಮರಾಠಿಯವರ ಐತವಾರ, ಉರ್ದು ಮಾತಾಡುವ ಮನೆಗಳ ಇತವಾರ, ತುಳುವಿನ ಐತಾರ ಎಲ್ಲ ಅದೇ ಆದಿತ್ಯನ ಮಕ್ಕಳು. ಆದಿತ್ಯ, ರವಿ, ಭಾನು ಮೂರೂ ಸೂರ್ಯನ ಹೆಸರೇ. ಹಳೇ ಮೈಸೂರು ಕಡೆ ಭಾನುವಾರ ಎಂದರು, ಹುಬ್ಬಳ್ಳಿ, ಬೆಳಗಾವಿ ಕಡೆ ರವಿವಾರ ಎಂದರು. ತುಳುವಿನಲ್ಲಿ ಮಂಗಳವಾರಕ್ಕೆ ಅಂಗಾರೆ ಎನ್ನುತ್ತಾರೆ. ಮಂಗಳನ ಇನ್ನೊಂದು ಹೆಸರು ಅಂಗಾರಕ. ಮಂಗಳವಾರ ಸಂಕಷ್ಟಿ ಬಂದರೆ ಅಂಗಾರಕ ಸಂಕಷ್ಟಿ ಎನ್ನುವುದೂ ಇದಕ್ಕೇ.

ಪೂರ್ತಿ ಮರೆತುಹೋದ ಹೆಸರೂ ಒಂದಿದೆ. ಹಳೆಯ ಕನ್ನಡ ಶಾಸನಗಳಲ್ಲಿ ವಡ್ಡವಾರ ಎಂಬ ಮಾತು ಬರುತ್ತದೆ. ಅದು ಯಾವ ವಾರ ಎಂದು ಜನರಿಗೆ ನೆನಪಿರಲಿಲ್ಲ. ಶಾಸನ ವಿದ್ವಾಂಸ ಜೆ.ಎಫ್. ಫ್ಲೀಟ್ ಮೊದಲಾದವರು ತಿಥಿ, ಮಾಸ, ವರ್ಷ ಹಿಡಿದು ಲೆಕ್ಕ ಹಾಕಿದರು. ಲೆಕ್ಕ ಶನಿವಾರಕ್ಕೆ ಬಂದು ಕೂತಿತು. ದೊಡ್ಡ ವಿದ್ವಾಂಸರೂ ಒಂದು ವಾರದ ಹೆಸರನ್ನು ಮಕ್ಕಳ ಹಾಗೆ ಹೊಸದಾಗಿ ಕಲಿಯಬೇಕಾಯಿತು.

ಶಾಸನದ ಕಾಲ ಹೇಳುವವರಿಗೆ ವಾರ ಬಹಳ ಉಪಕಾರಿ. ಬರೆದ ತಿಥಿಗೂ ಬರೆದ ವಾರಕ್ಕೂ ತಾಳೆ ಬಿದ್ದರೆ ದಿನಾಂಕದ ಮೇಲೆ ಭರವಸೆ ಹೆಚ್ಚುತ್ತದೆ. ಬೀಳದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದು ಗೊತ್ತಾಗುತ್ತದೆ.

ಅಶೋಕನಿಗೆ ಸೋಮವಾರ ಗೊತ್ತಿರಲಿಲ್ಲ

ವಾರ ನಮ್ಮಲ್ಲಿ ಮೊದಲಿನಿಂದ ಇತ್ತು ಎಂದು ಅನೇಕರು ತಿಳಿದಿದ್ದಾರೆ. ಅಶೋಕನ ಶಾಸನಗಳು ನಮ್ಮ ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ಸನ್ನತಿಗಳಲ್ಲೂ ಇವೆ. ಅಶೋಕನ ಶಾಸನಗಳಲ್ಲಿ ತಿಷ್ಯ ನಕ್ಷತ್ರದ ದಿನ ಬರುತ್ತದೆ, ಹುಣ್ಣಿಮೆ ಬರುತ್ತದೆ. ಸೋಮವಾರ, ಮಂಗಳವಾರ ಬರುವುದಿಲ್ಲ. ಆಗ ದಿನ ಗುರುತಿಸುತ್ತಿದ್ದದ್ದು ಚಂದ್ರ ಮತ್ತು ನಕ್ಷತ್ರ ನೋಡಿ.

ಗ್ರಹಗಳ ಹೆಸರಿನ ಏಳು ದಿನದ ವಾರ ಗ್ರೀಕ್ ಮತ್ತು ರೋಮನ್ ಜಗತ್ತಿನ ಜ್ಯೋತಿಷದ ಜೊತೆ ಭಾರತಕ್ಕೆ ಬಂತು ಎನ್ನುವುದು ವಿದ್ವಾಂಸರ ಅಭಿಪ್ರಾಯ. ಜ್ಯೋತಿಷದ 'ಹೋರಾ' ಎಂಬ ಮಾತು ಗ್ರೀಕಿನದು. ಇಂಗ್ಲಿಷಿನ 'ಅವರ್' ಕೂಡ ಅದೇ ಬೇರಿನದು. ವಾರವನ್ನು ಬರೆದ ಭಾರತದ ಅತಿ ಹಳೆಯ ಶಾಸನ ಎಂದು ಗುರುತಿಸುವುದು ಮಧ್ಯಪ್ರದೇಶದ ಸಾಗರ ಜಿಲ್ಲೆಯ ಏರಣ್‌ನ ಕಂಬವನ್ನು. ಗುಪ್ತ ಅರಸ ಬುಧಗುಪ್ತನ ಕಾಲದ್ದು, ಕ್ರಿ.ಶ. 484. ಅದರಲ್ಲಿರುವ ವಾರ ಯಾವುದು ಗೊತ್ತೇ? ಸುರಗುರುವಿನ ದಿನ. ಅಂದರೆ ದೇವತೆಗಳ ಗುರು ಬೃಹಸ್ಪತಿಯ ದಿನ, ನಮ್ಮ ಬೇಸ್ತವಾರ.

ಭಾನುವಾರದ ನಂತರ ಸೋಮವಾರವೇ ಯಾಕೆ?

ಮಕ್ಕಳು ಕೇಳುವ ಒಳ್ಳೆಯ ಪ್ರಶ್ನೆ ಇದು. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ.

ಬರಿಗಣ್ಣಿಗೆ ಕಾಣುವಂತೆ ಆಕಾಶದಲ್ಲಿ ಜಾಗ ಬದಲಿಸುತ್ತಾ ಸಾಗುವವು ಏಳು. ನವಗ್ರಹದಲ್ಲಿ ಉಳಿದ ರಾಹು, ಕೇತು ಕಣ್ಣಿಗೆ ಕಾಣುವಂಥವಲ್ಲ, ಅದಕ್ಕೇ ಅವಕ್ಕೆ ವಾರ ಇಲ್ಲ. ಹಳೆಯವರು ಈ ಏಳನ್ನು ನಿಧಾನದಿಂದ ವೇಗಕ್ಕೆ ಜೋಡಿಸಿದರು: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ಆಕಾಶ ಒಂದು ಸುತ್ತು ಬರಲು ಶನಿಗೆ ಸುಮಾರು 30 ವರ್ಷ ಬೇಕು, ಚಂದ್ರನಿಗೆ 27 ದಿನ ಸಾಕು.

ದಿನದ 24 ಹೋರೆಗಳನ್ನು ಇದೇ ಸರದಿಯಲ್ಲಿ ಒಬ್ಬೊಬ್ಬರಿಗೆ ಹಂಚಿದರು. ಮೊದಲ ಹೋರೆ ಯಾರದೋ ಆ ದಿನ ಅವನದು. ಶನಿವಾರದ ಮೊದಲ ಹೋರೆ ಶನಿಯದು. ಏಳೇಳು ಹೋರೆಗೆ ಶನಿ ಮತ್ತೆ ಬರುತ್ತಾನೆ: 8, 15, 22. ಆಮೇಲೆ 23 ಗುರುವಿಗೆ, 24 ಮಂಗಳನಿಗೆ. ಅಲ್ಲಿಗೆ ದಿನ ಮುಗಿಯಿತು. ಮರುದಿನದ ಮೊದಲ ಹೋರೆ ರವಿಗೆ ಬಂತು, ಅದು ರವಿವಾರ. ಹೀಗೇ ಎಣಿಸಿದರೆ ಅದರ ಮರುದಿನ ಚಂದ್ರನದು, ಸೋಮವಾರ. ಆರ್ಯಭಟ ಕೂಡ ಕ್ರಿ.ಶ. 499ರ 'ಆರ್ಯಭಟೀಯ'ದಲ್ಲಿ ಈ ಲೆಕ್ಕ ಹೇಳಿದ್ದಾನೆ. ನಾಲ್ಕನೇ ತರಗತಿಯ ಮಗುವಿಗೆ ಏಳು ಕಡಲೆಕಾಳು ಕೊಟ್ಟು ಸಾಲಾಗಿಟ್ಟು ಎಣಿಸಲು ಹೇಳಿ. ತಾನೇ ಕಂಡುಕೊಳ್ಳುತ್ತದೆ.

ತಾರೀಖು ಹಾರಿತು, ವಾರ ಹಾರಲಿಲ್ಲ

ಒಮ್ಮೆ ಊರಿದ ಮೇಲೆ ಈ ಸರದಿಯನ್ನು ಅಳಿಸಲು ಯಾರಿಂದಲೂ ಆಗಲಿಲ್ಲ. 1582ರಲ್ಲಿ ಪೋಪ್ ಗ್ರೆಗರಿ ಯುರೋಪಿನ ಕ್ಯಾಲೆಂಡರ್ ಸರಿಪಡಿಸಿದಾಗ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಬಂತು. ಹತ್ತು ತಾರೀಖು ಮಾಯ. ಆದರೆ 4 ಗುರುವಾರ, 15 ಶುಕ್ರವಾರ. ವಾರ ಒಂದೂ ತಪ್ಪಲಿಲ್ಲ.

ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ಹತ್ತು ದಿನದ ವಾರ ತಂದರು. ಕೆಲವೇ ವರ್ಷಗಳಲ್ಲಿ ಅದು ಹೋಯಿತು. ಸೋವಿಯತ್ ರಷ್ಯಾ 1929ರಲ್ಲಿ ಐದು ದಿನದ ವಾರ, ಆಮೇಲೆ ಆರು ದಿನದ ವಾರ ಮಾಡಿ ನೋಡಿತು. ಐದು ದಿನದ ವಾರದಲ್ಲಿ ಎಲ್ಲರಿಗೂ ಒಂದೇ ದಿನ ರಜೆ ಇರಲಿಲ್ಲ. ಗಂಡನಿಗೆ ಒಂದು ದಿನ, ಹೆಂಡತಿಗೆ ಇನ್ನೊಂದು ದಿನ ಆಗಬಹುದಿತ್ತು. 1940ರಲ್ಲಿ ಅವರೂ ಏಳಕ್ಕೇ ಮರಳಿದರು. ವಾರದ ಬಲ ಇರುವುದು ಎಲ್ಲರೂ ಒಟ್ಟಿಗೆ ಎಣಿಸುವುದರಲ್ಲಿ.

ಮಗುವಿಗೆ ವಾರ ಕಷ್ಟ ಆಗುವುದೂ ಇಲ್ಲೇ. ಹಗಲು ರಾತ್ರಿ ಕಣ್ಣಿಗೆ ಕಾಣುತ್ತದೆ. ತಿಂಗಳಿಗೆ ಚಂದ್ರ ಇದ್ದಾನೆ, ವರ್ಷಕ್ಕೆ ಮಳೆಗಾಲ ಇದೆ. ಮಂಗಳವಾರ ಬಂತು ಎಂದು ಹೇಳುವ ಗುರುತು ಆಕಾಶದಲ್ಲಿ ಯಾವುದೂ ಇಲ್ಲ. ಊರು ಏನು ಮಾಡುತ್ತದೆ ಎಂಬುದನ್ನು ನೋಡಿಯೇ ಮಗು ತಿಳಿಯಬೇಕು.

ಊರೇ ಪಾಠಶಾಲೆ

ಹಿಂದಿನವರು ವಾರ ಕಲಿಸಲು ಕೂತವರಲ್ಲ. ಊರು ಕಲಿಸುತ್ತಿತ್ತು. ಸೋಮವಾರ ಬಸವಣ್ಣನ ವಾರ ಎಂದು ಅನೇಕ ಊರುಗಳಲ್ಲಿ ಎತ್ತಿಗೆ ನೊಗ ಹೂಡುವುದಿಲ್ಲ. ಮಂಗಳವಾರ ಕ್ಷೌರ ಇಲ್ಲ. ಶುಕ್ರವಾರ ಅಮ್ಮನ ಗುಡಿ, ಶನಿವಾರ ಹನುಮಪ್ಪನ ಗುಡಿ. ಎತ್ತು ಕೊಟ್ಟಿಗೆಯಲ್ಲೇ ನಿಂತಿದ್ದರೆ ಮೂರು ವರ್ಷದ ಮಗುವಿಗೂ ಸೋಮವಾರ ಎಂದು ಗೊತ್ತಾಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಮಾಸ್ತರು ಸಂತೆ. ಸಂತೆಯ ವಾರ ಊರಿನ ಹೆಸರೇ ಆಗಿಬಿಟ್ಟದ್ದೂ ಉಂಟು. ಕೊಡಗಿನಲ್ಲಿ ಶನಿವಾರಸಂತೆ ಇದೆ, ಸೋಮವಾರಪೇಟೆ ಇದೆ. ಬೆಳಗಾವಿಯಲ್ಲಿ ರವಿವಾರ ಪೇಟೆ ಇದೆ. ಸಂತೆಗೆ ಹೋಗಿ ಅಪ್ಪ ಮಂಡಕ್ಕಿ, ಮಿರ್ಚಿ ತರುವ ದಿನವನ್ನು ಯಾವ ಮಗುವೂ ಮರೆಯುವುದಿಲ್ಲ. ಸಂತೆಯ ಹಿಂದಿನ ದಿನ ಕಾಯಿಪಲ್ಯ ಕೊಯ್ಯುವ ದಿನ. ಮರುದಿನ ಮನೆಯಲ್ಲಿ ಹಸಿ ಕಾಯಿಪಲ್ಯ ಇರುವ ದಿನ. ಅಲ್ಲಿಗೆ ಏಳರಲ್ಲಿ ಮೂರು ದಿನ ಬಂದಂತಾಯಿತು.

ವಾರಾನ್ನದ ಕಥೆ ಹಿರಿಯರಿಗೆ ಗೊತ್ತು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದುತ್ತಿದ್ದರು. 'ವಾರ' ಎಂದರೆ ಸಂಸ್ಕೃತದಲ್ಲಿ ಸರದಿ ಎಂಬ ಅರ್ಥವೂ ಇದೆ. ಒಂದು ವಾರ ಸಿಗದ ಹುಡುಗನಿಗೆ ಆ ದಿನ ಉಪವಾಸ. ವಾರದ ಹೆಸರು ಅವನಿಗೆ ಹೊಟ್ಟೆಯ ಪಾಠ ಆಗಿತ್ತು.

ವಾರದ ರಜೆಯ ಹಿಂದೆಯೂ ದುಡಿಯುವವರ ಹೋರಾಟ ಇದೆ. ಮುಂಬೈ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ವಾರಕ್ಕೊಂದು ದಿನ ಬಿಡುವು ಬೇಕೆಂದು ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದರು. 1890ರ ಜೂನ್ 10ರಂದು ಭಾನುವಾರದ ರಜೆ ಸಿಕ್ಕಿತು. ಮಕ್ಕಳು ಖುಷಿಯಿಂದ ಕಾಯುವ ಭಾನುವಾರದ ಬಗ್ಗೆ ಅವರಿಗೆ ಇಷ್ಟಾದರೂ ಹೇಳಬೇಕು.

ಈಗ ಏನು ಕಷ್ಟ?

ಟ್ರ್ಯಾಕ್ಟರ್‌ಗೆ ಸೋಮವಾರ ಇಲ್ಲ. ಅಂಗಡಿ ದಿನಾ ತೆರೆದಿರುತ್ತದೆ. ಗುಳೆ ಹೋದ ಕುಟುಂಬದ ಮಗು ಬೆಂಗಳೂರಿನಲ್ಲೋ ಗೋವಾದಲ್ಲೋ ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಬೆಳೆಯುತ್ತದೆ. ಅಲ್ಲಿ ಅದರ ಸಂತೆ ಇಲ್ಲ, ಗುಡಿ ಇಲ್ಲ, ಶಾಲೆಯ ಗಂಟೆಯೂ ಇಲ್ಲ. ಅಪ್ಪನಿಗೆ ಬಟವಾಡೆ ಆಗುವ ದಿನ ಒಂದೇ ಗುರುತು. ಊರಿಗೆ ಮರಳಿ ಶಾಲೆಗೆ ಬಂದಾಗ ಅದಕ್ಕೆ ಬರುವ ಹೆಸರು ಐತಾರ, ಬೇಸ್ತಾರ ಮಾತ್ರ. ಅದನ್ನೂ ತಪ್ಪು ಎಂದರೆ ಅದರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಶಾಲೆಯಲ್ಲೂ ಗುರುತು ಹುಟ್ಟಿಸಬಹುದು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾದಾಗ ಹಾಲು ವಾರಕ್ಕೆ ಮೂರು ದಿನ ಇತ್ತು, ಆಮೇಲೆ ಐದು ದಿನ ಆಯಿತು. ಹಾಲಿನ ದಿನ ಯಾವುದು ಎಂದು ಮಕ್ಕಳನ್ನು ಎರಡು ಸಲ ಕೇಳಬೇಕಾಗಿರಲಿಲ್ಲ. ಶನಿವಾರ ಬೆಳಗಿನ ಶಾಲೆ ಎಂಬುದನ್ನೂ ಯಾರೂ ಬಾಯಿಪಾಠ ಮಾಡಿಸಿಲ್ಲ.

ಮನೆಯಲ್ಲಿ ಹೀಗೆ ಮಾಡಿ

ಏಳೂ ಹೆಸರು ಒಟ್ಟಿಗೆ ಬೇಡ. ನಿಮ್ಮೂರಿನ ಸಂತೆಯ ವಾರದಿಂದ ಶುರು ಮಾಡಿ. ಅದರ ಹಿಂದಿನ ದಿನ, ಮುಂದಿನ ದಿನ ಸೇರಿಸಿ. ಆಮೇಲೆ ರಜೆಯ ದಿನ. ಉಳಿದವು ತಾವೇ ನಡುವೆ ಬಂದು ಕೂರುತ್ತವೆ.

ರಾತ್ರಿ ಮಲಗುವಾಗ ಮೂರು ಪ್ರಶ್ನೆ ಸಾಕು: ಇವತ್ತು ಯಾವ ವಾರ, ನಿನ್ನೆ ಯಾವುದಿತ್ತು, ನಾಳೆ ಯಾವುದು? ಒಪ್ಪಿಸಲು ಬರುವ ಎಷ್ಟೋ ಮಕ್ಕಳಿಗೆ ಹಿಂದಕ್ಕೆ ಎಣಿಸಲು ಬರುವುದಿಲ್ಲ. 'ನಿನ್ನೆ' ಎಂಬ ಪ್ರಶ್ನೆಗೆ ಸಮಯ ಕೊಡಿ, ಬೈಯಬೇಡಿ.

ಕನ್ನಡದಲ್ಲಿ 'ವಾರ' ಎಂದರೆ ಒಂದು ದಿನವೂ ಹೌದು, ಏಳು ದಿನವೂ ಹೌದು. "ಇವತ್ತು ಯಾವ ವಾರ" ಮತ್ತು "ಮುಂದಿನ ವಾರ ಬರ್ತೀನಿ" ಎರಡನ್ನೂ ಕೇಳಿದ ಮಗು ಗೊಂದಲಪಡುತ್ತದೆ. "ಇನ್ನು ಏಳು ದಿನಕ್ಕೆ ಬರ್ತೀನಿ, ಮುಂದಿನ ಸಂತೆಗೆ ಬರ್ತೀನಿ" ಎಂದು ಬಿಡಿಸಿ ಹೇಳಿ.

ಗೋಡೆಯ ಕ್ಯಾಲೆಂಡರ್‌ನಲ್ಲಿ ಮಗುವಿನ ಕೈಯಿಂದಲೇ ದಿನಕ್ಕೊಂದು ಗೆರೆ ಹಾಕಿಸಿ. ಗುಳೆ ಹೋಗುವವರು ಆ ಕ್ಯಾಲೆಂಡರ್ ಗಂಟಿನಲ್ಲಿ ಕಟ್ಟಿಕೊಂಡು ಹೋಗಿ. ಶೆಡ್ಡಿನ ತಗಡಿಗೆ ನೇತು ಹಾಕಿದರೂ ಅದು ಕೆಲಸ ಮಾಡುತ್ತದೆ.

ಶಿಕ್ಷಕರಲ್ಲಿ, ಅಂಗನವಾಡಿ ಅಕ್ಕಂದಿರಲ್ಲಿ ನಮ್ಮದೊಂದು ಕೋರಿಕೆ. ಗೋಡೆಯ ಮೇಲೆ ಭಾನುವಾರದ ಪಕ್ಕದಲ್ಲಿ ಐತವಾರ, ಗುರುವಾರದ ಪಕ್ಕದಲ್ಲಿ ಬೇಸ್ತವಾರ ಎಂದೂ ಬರೆಸಿ. ಉರ್ದು ಮಾತಾಡುವ ಮನೆಯ ಮಕ್ಕಳಿದ್ದರೆ ಜುಮೇರಾತ್, ಜುಮ್ಮಾ ಎಂದೂ ಬರೆಸಿ. ಪುಸ್ತಕದ ಹೆಸರು ಪರೀಕ್ಷೆಗೆ ಬೇಕು, ಅದನ್ನೂ ಕಲಿಯಲಿ. ಒಂದು ದಿನಕ್ಕೆ ಎರಡು ಹೆಸರು ಬಲ್ಲ ಮಗು ಹೆಚ್ಚು ಬಲ್ಲ ಮಗು.